ಬುದ್ಧಪ್ರಿಯ ಮೋಡ ಅಳಿಸಿದ್ದು

ಬುದ್ಧಪ್ರಿಯನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ ಎರಡು ಬಿರುದುಗಳಿವೆ. ಮೊದಲನೆಯದು ‘ಛಾಯಾಚಿತ್ರ ಕಲಾವಿದರು’, ಎರಡನೆಯದು ‘ಚಿಂತಕರು’. ಮೊದಲನೆಯದಕ್ಕೆ ಜನ ಅವನನ್ನು ಕರೆಯುತ್ತಾರೆ. ಎರಡನೆಯದಕ್ಕೆ ಕರೆಯದಿದ್ದರೂ ಅವನೇ ಹೋಗುತ್ತಾನೆ. ಶಹಾಪುರದ ಅವನ ಸ್ಟುಡಿಯೋಕ್ಕೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಹೋದವರು ‘ಗದ್ದ ಸ್ವಲ್ಪ ಮ್ಯಾಲ ಎತ್ರಿ’ ಎಂಬ ಸೂಚನೆಯ ಜೊತೆಗೆ, ಕಾರಣವಿಲ್ಲದೆ ಕಾರ್ಯವಿಲ್ಲ ಎಂಬುದರ ಬಗ್ಗೆಯೂ ನಾಲ್ಕು ಮಾತು ಕೇಳಿಯೇ ಸ್ಟೂಲಿನಿಂದ ಏಳಬೇಕು. ಗದ್ದ ಎತ್ತಿ ಕೂತವರು ಬಾಯಿ ತೆರೆಯುವಂತಿಲ್ಲ. ಆದ್ದರಿಂದ ಚರ್ಚೆಯಲ್ಲಿ ಅವನು ಇಲ್ಲಿಯತನಕ ಸೋತ ದಾಖಲೆ ಇಲ್ಲ.

ಸ್ವಂತ ಊರು ಗೋಗಿ. ದಿನಾ ಬೆಳಿಗ್ಗೆ ಶೇರ್ ಆಟೋದಲ್ಲಿ ಕ್ಯಾಮೆರಾ ಚೀಲವನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಶಹಾಪುರಕ್ಕೆ ಬರುತ್ತಾನೆ. ತಂದೆ ತೀರಿಕೊಂಡು ಬಹಳ ವರ್ಷವಾಯಿತು. ಮನೆಯಲ್ಲಿ ತಾಯಿ ಬಾಲಮ್ಮ, ತಂಗಿ ಪರಿಮಳಾ, ಹೆಂಡತಿ ಸುಮಂಗಲಾ. ಸುಮಂಗಲಾ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ದಿನವಿಡೀ ಮಕ್ಕಳ ತಪ್ಪು ತಿದ್ದಿ ಬಂದವಳಿಗೆ ಸಂಜೆ ಗಂಡನನ್ನೂ ತಿದ್ದುವ ತ್ರಾಣ ಇರುವುದಿಲ್ಲ, ಆದರೆ ಅಭ್ಯಾಸ ಬಿಡುವುದಿಲ್ಲ.

ಬುದ್ಧಪ್ರಿಯ ಕಲಿತದ್ದೆಲ್ಲ ಬಿಸಿಲಿನ ವಿದ್ಯೆ. ನಮ್ಮ ಸೀಮೆಯಲ್ಲಿ ಫೋಟೋ ತೆಗೆಯುವುದೆಂದರೆ ಸೂರ್ಯನ ಜೊತೆ ಕುಸ್ತಿ ಹಿಡಿದಂತೆ. ಮೂಗಿನ ನೆರಳು ಮದುಮಗಳಿಗೆ ಮೀಸೆಯಾಗಬಾರದು, ಬೀಗರ ಬಕ್ಕತಲೆ ಸ್ಟೀಲ್ ಚೊಂಬಿನಂತೆ ಫಳ್ಳೆನ್ನಬಾರದು, ರುಮಾಲಿನ ಕೆಳಗಿನ ಮುಖ ಕತ್ತಲ ಕೋಣೆಯಾಗಬಾರದು. ಇಷ್ಟನ್ನೂ ಅವನು ನಿಭಾಯಿಸಬಲ್ಲ. ನಿಭಾಯಿಸಿ ನಿಭಾಯಿಸಿ, ಬಿಸಿಲಿಲ್ಲದಿದ್ದರೆ ಏನು ಮಾಡಬೇಕೆಂಬ ಪ್ರಶ್ನೆಯೇ ಅವನಿಗೆ ಬಿದ್ದಿರಲಿಲ್ಲ. ಬೀಳುವುದಾದರೂ ಹೇಗೆ? ಮೋಡ ಕವಿಯುವ ಆಷಾಢದಲ್ಲಿ ಊರಿನವರು ಮದುವೆ ಮಾಡುವುದಿಲ್ಲ. ಆಷಾಢವೆಲ್ಲ ಮೂಢನಂಬಿಕೆ ಎಂದು ಸಭೆ ಸಭೆಯಲ್ಲಿ ಗುಡುಗುತ್ತಿದ್ದ ಬುದ್ಧಪ್ರಿಯ, ಅದೇ ಆಷಾಢ ಬಂತೆಂದರೆ ಕ್ಯಾಮೆರಾವನ್ನು ಸರ್ವಿಸಿಗೆ ಕೊಟ್ಟು, ಸ್ಟುಡಿಯೋಕ್ಕೆ ಸುಣ್ಣ ಹಚ್ಚಿಕೊಂಡು ಕೂರುತ್ತಿದ್ದ. ವಿಚಾರವಾದಿಯಾದರೂ ಗಿರಾಕಿಗಳು ವಿಚಾರವಾದಿಗಳಲ್ಲವಲ್ಲ.

ಹೀಗಿರುವಾಗ ಪರಿಮಳಾಳಿಗೆ ಸುರಪುರದ ಹತ್ತಿರದ ದೇವಾಪುರದ ಸಂಬಂಧ ಕೂಡಿಬಂತು. ಹುಡುಗ ಶ್ರೀಮಂತ. ಹೆಸರು ಹಾಗಿದ್ದರೂ ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ಒಂದಿಷ್ಟು ಮಳೆಯಾಶ್ರಿತ ಹೊಲ. ಹೊಲವನ್ನೂ ಮನೆಯನ್ನೂ ನಡೆಸುವವಳು ಅವನ ತಾಯಿ ಮೌನಮ್ಮ. ಎರಡೂ ಮನೆಯವರು ಬೌದ್ಧರೇ. ಆದ್ದರಿಂದ ಪಂಚಾಂಗ, ಮುಹೂರ್ತದ ಗೊಡವೆ ಇಲ್ಲ, ಭಾನುವಾರ ಸಿಕ್ಕರೆ ಸಾಕು. ಬುದ್ಧಪ್ರಿಯ ಆರಿಸಿದ್ದು ನಡು ಆಷಾಢದ ಭಾನುವಾರ. ಭವನ ಖಾಲಿ, ಅಡುಗೆಯವರು ಖಾಲಿ, ಫೋಟೋಗ್ರಾಫರಂತೂ ಮೊದಲೇ ಖಾಲಿ.

ದೇವಾಪುರದಲ್ಲಿ ಮಾತುಕತೆಗೆ ಕೂತಾಗ ತಕರಾರು ತೆಗೆದವಳು ಹುಡುಗನ ಅಕ್ಕ ಸರೋಜಾ. ಅವಳನ್ನು ಯಾದಗಿರಿಗೆ ಕೊಟ್ಟಿದ್ದರು. ಸ್ಟೇಷನ್ ಹತ್ತಿರದ ಓಣಿಯಲ್ಲಿ ಎಲ್ಲ ಜಾತಿಯ ನೆರೆಹೊರೆಯ ನಡುವೆ ಬದುಕಿ, ಎಲ್ಲರ ಭಯವನ್ನೂ ಸ್ವಲ್ಪ ಸ್ವಲ್ಪ ಕಡ ತಂದು ಇಟ್ಟುಕೊಂಡಿದ್ದಳು.

“ಆಷಾಢದಾಗ ಯಾರರ ಲಗ್ನ ಮಾಡ್ತಾರೇನ್ರೀ ಬುದ್ಧಣ್ಣ? ಊರೆಲ್ಲಾ ಸುಮ್ಮ ಕುಂತಿರ್ತದ. ನಾವೊಬ್ಬರೇ ಹೊಸಾ ಸೀರಿ ಉಟ್ಕೊಂಡು ಟೆಂಪೋ ಹತ್ತೋದೇನು?”

ಬುದ್ಧಪ್ರಿಯ ಗಂಟಲು ಸರಿಮಾಡಿಕೊಂಡ. “ಅಕ್ಕಾರ, ಆಷಾಢ ಅನ್ನೋದು ಕ್ಯಾಲೆಂಡರಿನ್ಯಾಗ ಒಂದ್ ಹಾಳಿ. ಹಾಳಿಗಿ ಯಾರರ ಅಂಜ್ತಾರೇನ್ರಿ? ಭಗವಾನ್ ಬುದ್ಧ ಮೊದಲ್ನೇ ಉಪದೇಶ ಕೊಟ್ಟಿದ್ದ ಆಷಾಢ ಹುಣ್ಣಿವಿ ದಿನ. ಅಂಥಾ ತಿಂಗಳ ಕೆಟ್ಟದ್ದು ಹ್ಯಾಂಗ ಆಗ್ತದ?”

ಇಲ್ಲಿಗೆ ನಿಲ್ಲಿಸಿದ್ದರೆ ಗೆದ್ದಂತೆಯೇ. ಆದರೆ ಚಿಂತಕರು ಗೆದ್ದಲ್ಲಿ ನಿಲ್ಲುವುದಿಲ್ಲ. ಮೋಡವೆಂದರೆ ನೀರಿನ ಆವಿ, ನೀರಿನ ಆವಿಗೆ ತಿಥಿ ಗೊತ್ತಿಲ್ಲ ಎಂಬಲ್ಲಿಂದ ಹೊರಟು ಬಂಗಾಳಕೊಲ್ಲಿಯತನಕ ಹೋಗಿ ಬಂದ. ಚಹಾ ಎರಡು ಸಲ ಬಂತು.

ಮೌನಮ್ಮ ಎಲ್ಲ ಕೇಳಿ, ಎಲೆಗೆ ಸುಣ್ಣ ಸವರುತ್ತ ಒಂದೇ ಮಾತು ಕೇಳಿದಳು. “ಆಷಾಢದಾಗ ಅತ್ತಿ-ಸೊಸಿ ಒಂದ ಹೊಸ್ತಲ ದಾಟಬಾರ್ದು ಅಂತಾರಲ್ಲೋ ತಮ್ಮಾ. ಅದ್ಕೇನ್ ಮಾಡ್ತೀ?”

“ನೀ ಹಿತ್ತಲ ಬಾಗ್ಲಿಂದ ಓಡಾಡಬೇ,” ಎಂದ ಮಗ ಶ್ರೀಮಂತ. ಆಮೇಲೆ ನೆನಪಿಸಿಕೊಂಡು, “ಆದ್ರ ನಮ್ಮ ಮನಿಗಿ ಹಿತ್ತಲ ಬಾಗ್ಲಾನೇ ಇಲ್ಲ,” ಎಂದ.

“ಅತ್ತೀ, ನಾ ಜಿಮ್ಮೇದಾರಿ,” ಎಂದು ಬುದ್ಧಪ್ರಿಯ ಎದೆ ಮುಟ್ಟಿಕೊಂಡ. “ಲಗ್ನದಾಗ ಒಂದ್ ಕೂದಲೆಳಿ ಕೊಂಕಾದ್ರ ನನ್ನ ಕೇಳ್ರಿ.”

ಸುಮಂಗಲಾ ಗಂಡನ ಕಡೆ ನೋಡಿದಳು. ಹೋಮ್‌ವರ್ಕ್ ಮಾಡದೆ ಕೈ ಎತ್ತಿದ ಹುಡುಗನನ್ನು ನೋಡುವ ನೋಟ ಅದು.

ಮದುವೆ ಶಹಾಪುರದ ಹೊರಗಿನ ಭವನವೊಂದರ ಅಂಗಳದಲ್ಲಿ. ಸ್ಥಳ ಆರಿಸಿದ್ದೂ ಬುದ್ಧಪ್ರಿಯನೇ. ಅಲ್ಲಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುವ ಶಹಾಪುರದ ಗುಡ್ಡ ಸಾಲು ಹಣೆ, ಮೂಗು, ಎದೆ ಸಮೇತ ಸ್ಪಷ್ಟ ಕಾಣುತ್ತದೆ. ಹಿಂದೆ ಮಲಗಿದ ಬುದ್ಧ, ಮುಂದೆ ಬೌದ್ಧ ಮದುವೆಯ ಬಿಳಿ ಸೀರೆಯ ತಂಗಿ, ಬಿಳಿ ಅಂಗಿಯ ಮದುಮಗ, ಮೇಲೆ ನೀಲಿ ಆಕಾಶ: ಈ ಒಂದು ಫೋಟೋವನ್ನು ಅವನು ತಿಂಗಳುಗಟ್ಟಲೆ ತಲೆಯಲ್ಲೇ ತೆಗೆದಿಟ್ಟುಕೊಂಡಿದ್ದ. ಗುಡ್ಡಕ್ಕೆ ಅಡ್ಡ ಬರುತ್ತದೆಂದು ಶಾಮಿಯಾನವನ್ನು ಅರ್ಧಕ್ಕೇ ಕಟ್ಟಿಸಿದ. ಬೇರೆ ಫೋಟೋಗ್ರಾಫರನನ್ನು ಕರೆಯೋಣ, ನೀನು ಕನ್ಯೆಯ ಅಣ್ಣ, ಮುಂದೆ ನಿಂತು ನಾಲ್ಕು ಮಂದಿಯನ್ನು ಮಾತಾಡಿಸು ಎಂದು ತಾಯಿ ಹೇಳಿದರೆ ಕೇಳಲಿಲ್ಲ. ಫ್ಲ್ಯಾಶ್ ಒಯ್ಯಿ ಎಂದರೆ, “ಸೂರ್ಯಾಗಿಂತ ದೊಡ್ಡ ಫ್ಲ್ಯಾಶ್ ಯಾವ ಕಂಪನಿದು?” ಎಂದ.

ಆ ಕಂಪನಿ ಆ ದಿನ ಬಾಗಿಲು ತೆರೆಯಲಿಲ್ಲ.

ಬೆಳಗಿನಿಂದಲೇ ಆಕಾಶ ನೆನೆಸಿಟ್ಟ ಬೂದಿಬಣ್ಣದ ಕಂಬಳಿಯಂತೆ ಕೆಳಗಿಳಿದಿತ್ತು. ಗುಡ್ಡದ ಬುದ್ಧ ಮೋಡ ಹೊದ್ದು ಮಲಗಿಬಿಟ್ಟಿದ್ದ, ಮೂಗಿನ ತುದಿಯೂ ಇಲ್ಲ. ಆಕಾಶ ಬೂದಿ, ಭವನದ ಸುಣ್ಣದ ಗೋಡೆ ಬೂದಿ, ಬಿಳಿ ಸೀರೆ ಬೂದಿ, ಬಿಳಿ ಅಂಗಿ ಬೂದಿ. ಎರಡೂ ಕಡೆಯ ನೆಂಟರು ಅಚ್ಚ ಬಿಳಿಯುಟ್ಟು ಶಿಸ್ತಾಗಿ ಬಂದಿದ್ದರಿಂದ ಕ್ಯಾಮೆರಾಕ್ಕೆ ಯಾರು ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆಂದೇ ತಿಳಿಯದಾಯಿತು. ಬಣ್ಣವೆಂಬುದು ಉಳಿದಿದ್ದು ತ್ರಿಶರಣ ಹೇಳಿಕೊಡುತ್ತಿದ್ದ ಭಿಕ್ಷು ಭಂತೇಜಿಯವರ ಕಾವಿ ಚೀವರದಲ್ಲಿ ಮಾತ್ರ. ಬುದ್ಧಪ್ರಿಯ ತೆಗೆದ ಒಂದೊಂದು ಫೋಟೋವನ್ನೂ ಕ್ಯಾಮೆರಾದ ಹಿಂದೆ ನೋಡುತ್ತ ಹೋದ. ಪಂಚಶೀಲ ಮುಗಿಯುವಷ್ಟರಲ್ಲಿ ಅವನ ಅಂಗಿಯ ಬೆನ್ನು ಮಳೆ ಬರುವ ಮೊದಲೇ ನೆನೆದಿತ್ತು.

ಊಟದ ಹೊತ್ತಿಗೆ ನಿಜವಾದ ಮಳೆಯೇ ಬಂತು. ಅರ್ಧ ಶಾಮಿಯಾನದ ಕೆಳಗೆ ಇಡೀ ಮದುವೆ ನುಗ್ಗಿತು. ಕೊಡೆಗಳು ಬಿಚ್ಚಿಕೊಂಡವು. ದೇವಾಪುರದ ಬೀಗರಲ್ಲಿ ಗಂಡಸರು ಹುಗ್ಗಿಯನ್ನು ಅರ್ಧಕ್ಕೇ ಬಿಟ್ಟು, ತಮ್ಮೊಳಗೆ ಏನೋ ಗುಸುಗುಸು ಮಾತಾಡಿ, ಹೇಳದೆ ಕೇಳದೆ ಟೆಂಪೋ ಹತ್ತಿ ಹೊರಟೇಹೋದರು. ಬುದ್ಧಪ್ರಿಯ ಕ್ಯಾಮೆರಾ ಇಳಿಸಿ, ಅವರು ಅರ್ಧ ಬಿಟ್ಟ ಎಲೆಗಳನ್ನು ಎಣಿಸತೊಡಗಿದ. ಬೀಗರು ಹುಗ್ಗಿ ಬಿಡುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ.

ಎರಡು ದಿನಕ್ಕೆ ಪರಿಮಳಾಳ ಫೋನು ಬಂತು. ದನಿ ತಗ್ಗಿತ್ತು.

“ಅಣ್ಣಾ, ಸರೋಜಕ್ಕ ತನ್ನ ಫೋನಿನ ಫೋಟೋ ಸ್ಟೇಟಸ್‌ಗಿ ಹಾಕ್ಯಾಳ. ನೋಡ್ದೇನು?”

ನೋಡಿದ್ದ. ಬಿಳಿಯುಟ್ಟ ಜನ, ಬೂದಿ ಆಕಾಶ, ಯಾರ ಮುಖದಲ್ಲೂ ಕಳೆಯಿಲ್ಲ. ತಾನು ತೆಗೆದ ಫೋಟೋಗಳೂ ಅದಕ್ಕಿಂತ ಬಹಳ ಬೇರೆಯಾಗಿಲ್ಲ ಎಂಬುದೇ ಅವನ ಸಂಕಟ.

“ಮನಿಗಿ ಬಂದವರಿಗೆಲ್ಲ ಅದನ್ನ ತೋರ್ಸಾಕತ್ತಾಳ. ‘ಲಗ್ನಕ್ಕ ಹೋದಂಗ ಕಾಣ್ತದೇನ್ರೇ? ಮಣ್ಣಿಗಿ ಹೋದಂಗ ಕಾಣ್ತದ. ಆಷಾಢ ಸುಮ್ಮ ಬಿಡ್ತದೇನು’ ಅಂತಾಳ. ನನ್ನ ಮುಂದಾ ಅಂತಾಳ ಅಣ್ಣಾ. ಶ್ರಾವಣ ಬರೋತನ ನನ್ನ ಗೋಗಿಗಿ ಕಳಿಸ್ರಿ, ಅವ್ವನ ತಲಿಗಿ ಏನರ ಸುತಗೊಂಡೀತು ಅಂತ ಒಂದ ಹಟ.”

“ಅತ್ತಿ ಏನಂತಾರ?”

“ಅವರು ಏನೂ ಅನ್ನಂಗಿಲ್ಲ. ಮುಂಜಾನೆದ್ದು ಹೊಲಕ್ಕ ಹೋಗ್ತಾರ, ಸಂಜಿಕ ಬರ್ತಾರ. ‘ಅಣ್ಣನ ಆಲ್ಬಮ್ ಬರ್ಲಿ, ನೋಡಿ ಮಾತಾಡೋಣ’ ಅಂತಾರ.” ಸ್ವಲ್ಪ ತಡೆದು ಅವಳು ಹೇಳಿದಳು: “ಅಣ್ಣಾ, ಒಂದ್ ಸಲ ತವರಿಗಿ ಕಳಿಸಿದ್ರಂದ್ರ ‘ಆಷಾಢದ ಸೊಸಿ’ ಅನ್ನೋ ಹೆಸರು ನನಗ ಸಾಯೋತನ ಹೋಗಂಗಿಲ್ಲ. ಫೋಟೋ ಚಂದ ಬಂದಾವಿಲ್ಲ?”

“ಬೆಂಕಿ ಬಂದಾವ!” ಎಂದ ಬುದ್ಧಪ್ರಿಯ. ಫೋನಿಟ್ಟ ಮೇಲೆ ಸ್ಟೂಲಿನ ಮೇಲೆ ಕುಸಿದ. ಗಿರಾಕಿಗಳಿಗಾಗಿ ಇಟ್ಟಿದ್ದ ಸ್ಟೂಲು ಎಷ್ಟು ಅಲುಗಾಡುತ್ತದೆಂದು ಅವತ್ತೇ ಅವನಿಗೆ ಗೊತ್ತಾಗಿದ್ದು.

ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ಕೂತ. ಬೆಳಕು-ನೆರಳು ಎಷ್ಟೆಷ್ಟಿದೆಯೆಂದು ತೋರಿಸುವ ಗೆರೆಚಿತ್ರವೊಂದು ಪರದೆಯ ಮೂಲೆಯಲ್ಲಿ ಬರುತ್ತದೆ. ಒಳ್ಳೆಯ ಫೋಟೋದಲ್ಲಿ ಅದು ಕಪ್ಪಿನ ತುದಿಯಿಂದ ಬಿಳಿಯ ತುದಿಯತನಕ ಹರಡಿಕೊಂಡಿರಬೇಕು. ಇಲ್ಲಿ ಎಡಕ್ಕೂ ಬಲಕ್ಕೂ ಬೇಕಾದಷ್ಟು ಜಾಗವಿದ್ದರೂ, ಗೋಗಿ ಆಟೋದ ನಡುಸೀಟಿನವರ ಹಾಗೆ, ಎಲ್ಲ ಒಂದೇ ಕಡೆ ಒತ್ತಿಕೊಂಡು ಕೂತಿತ್ತು. ಅಚ್ಚ ಕಪ್ಪೂ ಇಲ್ಲ, ಅಚ್ಚ ಬಿಳಿಯೂ ಇಲ್ಲ. ತಾಯಿ ಬಾಲಮ್ಮನ ಮುಖಕ್ಕೂ ಹಿಂದಿನ ಗೋಡೆಗೂ ಒಂದೇ ಬಣ್ಣ.

ಇದಕ್ಕೆ ಸಾವಧಾನದ ಮದ್ದು ಸಾಕಿತ್ತು. ಆದರೆ ಹೆದರಿದ ವೈದ್ಯ ಹಾಗೆ ಮಾಡುವುದಿಲ್ಲ, ಇದ್ದಬದ್ದ ಇಂಜೆಕ್ಷನ್ನೆಲ್ಲ ಒಮ್ಮೆಲೇ ಚುಚ್ಚುತ್ತಾನೆ. ಬುದ್ಧಪ್ರಿಯ ಕಾಂಟ್ರಾಸ್ಟ್ ಎಳೆದ. ಗಡ್ಡ ಬೋಳಿಸಿ ಬಂದಿದ್ದ ಶ್ರೀಮಂತನಿಗೆ ಗಡ್ಡ ಬಂತು. ಬಣ್ಣ ಎಳೆದ. ಭಂತೇಜಿಯವರ ಚೀವರ ಯಾದಗಿರಿ ಸ್ಟೇಷನ್ನಿನ ಹಳಿ ರಿಪೇರಿಯವರ ಜಾಕೀಟಿನಂತೆ ಉರಿಯತೊಡಗಿತು. ಅದರ ಕಾವು ಪಕ್ಕದಲ್ಲಿದ್ದ ತಂಗಿಯ ಬಿಳಿ ಸೀರೆಗೂ ತಾಗಿ ಅರ್ಧ ಸೀರೆ ಕಿತ್ತಳೆಯಾಯಿತು. ಅದನ್ನು ತಡೆಯಲು ನೀಲಿ ಸುರಿದ, ಈಗ ತಾಯಿಯ ತುಟಿ ನೀಲಿಗಟ್ಟಿತು. ನೀಲಿ ತುಟಿಯ ತಾಯಿಯನ್ನು ನೋಡಲಾರದೆ ಗೋಗಿಗೆ ಫೋನ್ ಮಾಡಿ “ಅವ್ವಾ, ಆರಾಮ್ ಅದೀ ಇಲ್ಲ?” ಎಂದು ಕೇಳಿದ. “ಯಾಕೋ, ಕುಡ್ದೀ ಏನು?” ಎಂದಳು ಬಾಲಮ್ಮ.

ಕೊನೆಗೆ ಅವನು ಮಾಡಬಾರದ್ದನ್ನು ಮಾಡಿದ. ಮೋಡವನ್ನೇ ಕತ್ತರಿಸಿ ತೆಗೆದು, ಮೇ ತಿಂಗಳ ಬೇರೆ ಯಾರದೋ ಮದುವೆಯ ನೀಲಿ ಆಕಾಶ ತಂದು ಅಂಟಿಸಿದ. ಗುಡ್ಡಕ್ಕೆ ಕೈಯಾರೆ ಹಣೆ, ಮೂಗು ಬರೆದ. ಮೂಗು ಸ್ವಲ್ಪ ಉದ್ದವಾಯಿತು, ಇರಲಿ ಎಂದ. ಎಲ್ಲರ ಮೇಲೂ ಬಿಸಿಲು ಚೆಲ್ಲಿದ. ಮದುವೆ ಧಗಧಗಿಸಿತು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಸ್ಟುಡಿಯೋಕ್ಕೆ ಬಂದ ಸುಮಂಗಲಾ ಪರದೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು.

“ಇಷ್ಟ್ ಬಿಸಲಾಗ ಒಬ್ಬರಿಗೂ ನೆಳ್ಳಿಲ್ಲಲ್ರಿ.”

ಬುದ್ಧಪ್ರಿಯ ನೋಡಿದ. ಹೌದು. ಸುಡುಬಿಸಿಲಿನಲ್ಲಿ ನಿಂತ ನೂರಾರು ಬೀಗರಿಗೆ ನೆರಳೇ ಇರಲಿಲ್ಲ. ಅಮಾವಾಸ್ಯೆಯ ಕತೆಗಳಲ್ಲಿ ನೆರಳಿಲ್ಲದವರನ್ನು ಏನೆನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

“ನೆಳ್ಳ ಬರೀತೇನಿ,” ಎಂದ.

“ಮತ್ತ ಇವರು ಬಿಸಲಾಗ ಕೊಡಿ ಹಿಡ್ಕೊಂಡು ನಿಂತಾರಲ್ಲ?”

“ಬಿಸಲಿಗೇ ಹಿಡ್ದಾರ ಅನ್ಕೊಳ್ತಾರ ಬಿಡು.”

“ಕೊಡಿಯಿಂದ ನೀರು ಸೋರಾಕತ್ತದ.”

“ನೀ ಏನ್ ನನಗ ಮಾರ್ಕ್ ಹಾಕಾಕ ಬಂದೀ ಏನು?” ಬುದ್ಧಪ್ರಿಯ ಸಿಡುಕಿದ. ಆಮೇಲೆ ದನಿ ಇಳಿಯಿತು. “ಸುಮಾ, ಆಕೀನ್ನ ತಿರುಗಿ ಕಳಿಸಿದ್ರಂದ್ರ ಅದು ನನ್ನ ಬಾಯಿಂದ ಆಗಿದ್ದು. ಆಕಿಗೇನ್ ಗೊತ್ತಿತ್ತು? ನಾ ಆಷಾಢ ಅಂದೆ, ಆಕಿ ಹೂಂ ಅಂದ್ಳು. ಈ ಫೋಟೋದಾಗ ಬಿಸಲು ಬೀಳಲೇಬೇಕು.”

ಸುಮಂಗಲಾ ಇನ್ನೊಂದು ಕುರ್ಚಿ ಎಳೆದುಕೊಂಡಳು. ಕೊಡೆಯಿಂದ ಬೀಳುವ ಹನಿಗಳನ್ನು ಹೇಗೆ ಅಳಿಸುವುದೆಂದು ಕೇಳಿ ತಿಳಿದುಕೊಂಡು, ಪಕ್ಕದಲ್ಲಿ ಕೂತು ತಾನೇ ಒಂದೊಂದಾಗಿ ಅಳಿಸತೊಡಗಿದಳು. ಬುದ್ಧಪ್ರಿಯ ಬೀಗರಿಗೆ ನೆರಳು ಬರೆದ. ಅವಸರದಲ್ಲಿ ಕೆಲವರ ನೆರಳು ಪೂರ್ವಕ್ಕೂ ಕೆಲವರದು ಪಶ್ಚಿಮಕ್ಕೂ ಬಿದ್ದವು.

ಆಲ್ಬಮ್ ಕಲಬುರಗಿಯ ಲ್ಯಾಬಿನಿಂದ ಅಚ್ಚಾಗಿ ಬಂತು. ಅದನ್ನು ಸೀರೆಯ ಡಬ್ಬಿಯಲ್ಲಿಟ್ಟು, ಮೇಲೆ ಪ್ಲಾಸ್ಟಿಕ್ ಸುತ್ತಿ, ಬುದ್ಧಪ್ರಿಯ ಸುರಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕಪ್ಪು ಹೊಲಗಳಲ್ಲಿ ಹಸಿರು ಸಾಲು ಎದ್ದಿದ್ದವು. ಅವನು ನೋಡಲಿಲ್ಲ. ಪುಟ ಪುಟವನ್ನೂ ಮನಸ್ಸಿನಲ್ಲೇ ತಿರುವಿ, ಯಾವ ಪುಟ ಬಂದಾಗ ಯಾವ ಮಾತು ತೆಗೆದು ಗಮನ ಸೆಳೆಯಬೇಕೆಂದು ಲೆಕ್ಕ ಹಾಕುತ್ತಿದ್ದ. ಕೊಡೆಯ ಪುಟಕ್ಕೆ ಸಂವಿಧಾನದ ವಿಷಯ ಎತ್ತುವುದೆಂದು ನಿರ್ಧರಿಸಿದ.

ದೇವಾಪುರದ ಮನೆಯ ಪಡಸಾಲೆಯಲ್ಲಿ ಮೌನಮ್ಮ ಆಲ್ಬಮ್ ನೋಡಲೆಂದು ಅವತ್ತು ಮಧ್ಯಾಹ್ನವೇ ಹೊಲದಿಂದ ಬಂದು ಕಾಲು ತೊಳೆದು ಕೂತಿದ್ದಳು. ಪಕ್ಕದಲ್ಲಿ ಇನ್ನೂ ಯಾದಗಿರಿಗೆ ಮರಳದ ಸರೋಜಾ. ಪರಿಮಳಾ ಬಾಗಿಲ ಪಟ್ಟಿಗೆ ಆತು ನಿಂತಿದ್ದಳು. ಒಳಕೋಣೆಯಲ್ಲಿ ಅವಳ ಬಟ್ಟೆಯ ಬ್ಯಾಗು ಗೋಡೆಗೆ ಒರಗಿತ್ತು. ಅದು ತುಂಬಿದೆಯೋ ಖಾಲಿಯೋ ಬುದ್ಧಪ್ರಿಯನಿಗೆ ಕೂತಲ್ಲಿಂದ ತಿಳಿಯಲಿಲ್ಲ.

“ತೆಗಿ, ನೋಡೂಣ,” ಎಂದಳು ಮೌನಮ್ಮ.

ಮೊದಲ ಪುಟ ತೆರೆಯಿತು. ಪಡಸಾಲೆಯಲ್ಲಿ ಬಿಸಿಲು ಹೊಡೆದಂತಾಯಿತು.

“ಅಯ್ಯ, ಎಷ್ಟ್ ಚಂದ ಬಂದಾವ!” ಎಂದಳು ಸರೋಜಾ, ತಡೆಯಲಾರದೆ. ಬುದ್ಧಪ್ರಿಯನ ಹೆಗಲು ಒಂದಿಷ್ಟು ಇಳಿಯಿತು.

ಮೌನಮ್ಮ ಬೆರಳಿಗೆ ಉಗುಳು ಹಚ್ಚಿಕೊಂಡಳು. ಪುಟ ತಿರುವಿದಳು. ಕೊಡೆಯ ಪುಟ ಬಂತು. ಸಂವಿಧಾನ ಬುದ್ಧಪ್ರಿಯನ ಗಂಟಲಲ್ಲೇ ಸಿಕ್ಕಿಕೊಂಡಿತು. ಅವಳು ತಿರುವುತ್ತ ಹೋದಳು, ಮತ್ತೆ ಮೊದಲಿಗೆ ಬಂದಳು. ಆಲ್ಬಮನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.

“ಇದು ಯಾರ ಲಗ್ನ?”

“ಅತ್ತೀ… ಪರಿಮಳಾಂದು. ನಿಮ್ಮ ಶ್ರೀಮಂತಂದು.”

“ಸುಳ್ಳ. ಅವತ್ತು ಮೋಡ ಇತ್ತು. ಮೋಡ ಎಲ್ಲಿ ಹಾಕ್ದೀ?”

ಬುದ್ಧಪ್ರಿಯ ಪರಿಮಳಾಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. “ಅದು… ತೆಗ್ದೇನ್ರಿ ಅತ್ತೀ. ಚಂದ ಕಾಣಲಿ ಅಂತ.”

“ತೆಗ್ದೀ?” ಮೌನಮ್ಮನ ದನಿ ಏರಿತು. “ಯಾಕ ತೆಗ್ದೀ? ನಿಮ್ಮಪ್ಪನ ಮೋಡೇನು?”

“ಅತ್ತೀ, ಮೋಡ ಇದ್ರ ಜನ ಏನರ ಅಂತಾರ ಅಂತ…”

“ಏನಂತಾರ? ನಾ ಹೇಳ್ತೇನಿ ಕೇಳು ಏನಂತಾರ.” ಮೌನಮ್ಮ ಆಲ್ಬಮನ್ನು ಮಂಚದ ಮೇಲೆ ಇಟ್ಟಳು. “ಬಿತ್ತಾಕ ಬರಬೇಕಾದ ಮಿರಗದ ಮಳಿ ಕೈಕೊಟ್ಟಿತ್ತು. ಬೀಜದ ಚೀಲ ಮನ್ಯಾಗ ಇಟ್ಕೊಂಡು ಊರಾಗಿನ ಗಂಡಸರದೆಲ್ಲಾ ಮ್ಯಾಲ ನೋಡಿ ನೋಡಿ ಕುತ್ತಿಗಿ ಹಿಡ್ದಿದ್ವು. ನಿನ್ನ ತಂಗಿಗಿ ಮಾಲಿ ಹಾಕೂದೊಂದ ತಡ, ಸುರೀತು. ಶಹಾಪುರದಾಗ ಸುರಿದಿದ್ದು ದೇವಾಪುರದಾಗೂ ಸುರದಾದ ಅಂತ ಊರಿಂದ ಫೋನ್ ಬಂತು. ನಮ್ಮ ಗಂಡಸರು ಹುಗ್ಗಿ ಬಿಟ್ಟು ಓಡಿದ್ದು ಯಾಕ ಅನ್ಕೊಂಡೀ? ಹೊಲದ ಒಡ್ಡು ಒಡದೀತು ಅಂತ ಓಡಿದ್ರು. ಹದ ಆಗಿದ್ದಾ ತಡ ತೊಗರಿ ಬಿತ್ತೀವಿ. ನೋಡ್ಕೋತ ಬಂದಿಲ್ಲೇನು ದಾರ್ಯಾಗ? ಹ್ಯಾಂಗ ಎದ್ದಾವ!”

ಬುದ್ಧಪ್ರಿಯ ಮಂಚದ ಮೇಲಿನ ಆಲ್ಬಮನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

“ನನ್ನ ಸೊಸಿ ಮೋಡ ತಗೊಂಡು ಬಂದಾಳ ಅಂತ ಓಣಿ ತುಂಬ ಹೇಳೀನಿ. ಆಲ್ಬಮ್ ಬರ್ಲಿ, ತೋರಸ್ತೇನಿ ಅಂದೀನಿ. ಈಗ ಇದನ್ನ ತೋರ್ಸಿದ್ರ ನನಗ ಏನಂತಾರ? ಮೇ ತಿಂಗಳ ಬಿಸಲಾಗ ನಿಂತು ಮಳಿ ಬಂತು ಅಂತಾಳ ಮುದಿಕಿ ಅಂತಾರ. ಆ ಮೋಡ ತಿರುಗಿ ಹಾಕು.”

“ಹಂಗಂದ್ರ ಆಷಾಢ ಛಲೋ ಅಂತೀ ಏನಬೇ?” ಎಂದಳು ಸರೋಜಾ, ತನ್ನ ನೆಲ ಕುಸಿಯುತ್ತಿರುವುದನ್ನು ಕಂಡು. “ಅತ್ತಿ-ಸೊಸಿ ಹೊಸ್ತಲ…”

“ಹೊಸ್ತಲ ದಾಟಾಕ ನಾ ಮನ್ಯಾಗ ಇದ್ರಲ್ಲೇನು? ಆಕಿ ಏಳೋದ್ರೊಳಗ ನಾ ಹೊಲದಾಗ ಇರ್ತೀನಿ. ನೋಡು ಸರೋಜಾ, ಖರೇ ಹೇಳಬೇಕಂದ್ರ ನಮ್ಮ ಮನಿತನಕ್ಕ ಆಷಾಢನೇ ಕೂಡಿಬರ್ತದ. ನಿನ್ನ ಮಗಳ ಲಗ್ನಾನೂ ಆಷಾಢದಾಗಾ ಮಾಡು. ಮಳಿ ತರೋ ತಿಂಗಳ ಅದು. ಏನಂತೀ ತಮ್ಮಾ, ನೀನಾ ಹೇಳಿದ್ದಿಲ್ಲೇನು?”

ಅವನು ಹೇಳಿದ್ದು ಅದಲ್ಲ. ಆಷಾಢದಿಂದ ಕೆಡುಕಾಗುವುದಿಲ್ಲ ಎಂದಿದ್ದನೇ ಹೊರತು ಒಳಿತಾಗುತ್ತದೆ ಎಂದಿರಲಿಲ್ಲ. ಮಾಲೆ ಹಾಕಿದ್ದಕ್ಕೂ ಮಳೆ ಬಿದ್ದದ್ದಕ್ಕೂ ಸಂಬಂಧವಿಲ್ಲ, ಮೋಡವೆಂದರೆ ನೀರಿನ ಆವಿ, ಒಂದು ಮೂಢನಂಬಿಕೆಯ ಜಾಗದಲ್ಲಿ ಇನ್ನೊಂದನ್ನು ತಂದು ಕೂರಿಸುವುದು ಎಷ್ಟು ಅಪಾಯ… ಇಡೀ ಭಾಷಣ ಪೀಠಿಕೆ ಸಮೇತ ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ ಪರಿಮಳಾ ಚಹಾದ ತಟ್ಟೆ ಹಿಡಿದು ಬಂದಳು. ಕಪ್ಪು ಕೊಡಲು ಬಗ್ಗಿದವಳು ಅಣ್ಣನ ಕಾಲಿನ ಹೆಬ್ಬೆರಳನ್ನು ತನ್ನ ಹಿಮ್ಮಡಿಯಿಂದ ತುಳಿದಳು, ಹಗುರವಾಗಿ ಅಲ್ಲ.

“ಹೌದ್ರಿ ಅತ್ತೀ,” ಎಂದ ಚಿಂತಕ. ಚಹಾ ಕುಡಿದ.

ಆಮೇಲೆ ಹೊಸ ಆತಂಕ ಶುರುವಾಯಿತು. ಮೋಡ ವಾಪಸು ಬೇಕು ಎಂದಿದ್ದಾಳೆ ಮೌನಮ್ಮ. ಆದರೆ ಅವಸರದಲ್ಲಿ ತಾನು ಬಿಸಿಲು ಸುರಿದ ಫೋಟೋಗಳನ್ನು ಮೂಲದ ಮೇಲೆಯೇ ಉಳಿಸಿಬಿಟ್ಟೆನೇ? ಬಸ್ಸಿನಲ್ಲಿ ಕೂತವನಿಗೆ ನೆನಪೇ ಆಗಲೊಲ್ಲದು. ಮೋಡ ಹೋಗಿದ್ದರೆ ಇನ್ನೆಲ್ಲಿಂದ ತರುವುದು? ಹೆಂಡತಿಗೆ ಫೋನ್ ಮಾಡಿದರೆ ತರಗತಿಯಲ್ಲಿದ್ದಳು. ಶಹಾಪುರದಲ್ಲಿ ಬಸ್ಸು ನಿಲ್ಲುವ ಮೊದಲೇ ಜಿಗಿದು, ಸ್ಟುಡಿಯೋದ ಶಟರ್ ಎತ್ತಿ, ಕಂಪ್ಯೂಟರ್ ಚಾಲೂ ಆಗುವತನಕ ಎರಡು ಲೋಟ ನೀರು ಕುಡಿದ. ಫೋಲ್ಡರ್ ತೆರೆಯಿತು. ಬೂದಿಬಣ್ಣದ ಫೋಟೋಗಳು ಸಾಲಾಗಿ, ಮಂಕಾಗಿ, ಇದ್ದ ಹಾಗೇ ಇದ್ದವು. ಇಷ್ಟು ಮಂಕಾದ ವಸ್ತುವನ್ನು ನೋಡಿ ಅವನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಈ ಸಲ ಅವನು ಅವಸರ ಮಾಡಲಿಲ್ಲ. ಕಪ್ಪಿನ ತುದಿಯನ್ನು ಒಂದೆಳೆ ಎಳೆದ, ಕೂದಲು ಕಪ್ಪಾಗುವಷ್ಟು ಮಾತ್ರ. ಬಿಳಿಯ ತುದಿಯನ್ನು ಒಂದೆಳೆ ಎಳೆದ, ಸೀರೆ ಬಿಳಿಯಾಗುವಷ್ಟು. ನಡುವಿನದನ್ನು ಮುಟ್ಟಲಿಲ್ಲ. ಮೋಡದಿಂದ ಮುಖಗಳಿಗೆ ಬಂದಿದ್ದ ತಣ್ಣನೆಯ ಛಾಯೆಗೆ ಸ್ವಲ್ಪ ಬಿಸುಪು ಕೊಟ್ಟ. ಗುಡ್ಡದ ಮೇಲಷ್ಟೇ ತುಸು ಕೈಯಾಡಿಸಿದಾಗ ಮೋಡದೊಳಗೆ ಹಣೆಯದೋ ಎದೆಯದೋ ಒಂದು ಗೆರೆ ಕಂಡಂತಾಯಿತು. ಅಷ್ಟಕ್ಕೇ ಬಿಟ್ಟ.

ಆಗ ಅವನಿಗೆ ಒಂದು ವಿಚಿತ್ರ ಕಾಣಿಸಿತು. ಎಲ್ಲರ ಕಣ್ಣೂ ತೆರೆದಿದ್ದವು. ಅವನು ಇಷ್ಟು ವರ್ಷ ತೆಗೆದ ಮದುವೆಗಳಲ್ಲಿ ಬೀಗರೆಲ್ಲ ಬಿಸಿಲಿಗೆ ಹುಬ್ಬು ಗಂಟಿಕ್ಕಿ, ಕಣ್ಣು ಕಿರಿದು ಮಾಡಿ, ಜಗಳಕ್ಕೆ ಬಂದವರಂತೆ ನಿಂತಿರುತ್ತಿದ್ದರು. ಇಲ್ಲಿ ಹಣೆ ಸಡಿಲಾಗಿತ್ತು. ಕಣ್ಣಿನ ಕೆಳಗೆ ಗುಳಿಯಿಲ್ಲ, ಮೂಗಿನ ಕೆಳಗೆ ಮೀಸೆಯಿಲ್ಲ. ತಾಯಿ ಬಾಲಮ್ಮನ ಕಣ್ಣು ಅಷ್ಟು ದೊಡ್ಡವೆಂದು ಅವನಿಗೆ ಗೊತ್ತೇ ಇರಲಿಲ್ಲ. ಶಾಮಿಯಾನದ ಅಂಚಿನಲ್ಲಿ ಮೌನಮ್ಮ ಕ್ಯಾಮೆರಾವನ್ನು ಬಿಟ್ಟು ಮೇಲೆ ನೋಡುತ್ತ ನಿಂತಿದ್ದಳು. ಮಳೆ ಬೀಳುವ ಸ್ವಲ್ಪ ಮೊದಲಿನ ಫೋಟೋ ಅದು. ಅವಳ ಮುಖದಲ್ಲಿದ್ದುದನ್ನು ಅವನು ಅವತ್ತು ಬೇಸರವೆಂದು ಓದಿದ್ದ. ನೋಡಿದರೆ, ನಗು ಬರುವುದಕ್ಕೆ ಮುಂಚಿನ ಮುಖ.

ಆ ಫೋಟೋವನ್ನೇ ಮೊದಲು ಪರಿಮಳಾಳ ಫೋನಿಗೆ ಕಳಿಸಿದ. ಕಳಿಸಿ, ಶಟರ್ ಹೊರಗೆ ನಿಂತು, ಒಳಗೆ ಬಂದು, ಫೋನು ತಿರುಗಿಸಿ ಇಟ್ಟು, ಮತ್ತೆ ಎತ್ತಿ ನೋಡಿದ. ಕೊನೆಗೆ ಫೋನು ಬಂತು. ಪರಿಮಳಾ ಅಲ್ಲ, ಮೌನಮ್ಮ.

“ತಮ್ಮಾ, ನೋಡೀನಿ. ಈಗ ನಮ್ಮ ಲಗ್ನ ಅನಿಸ್ತದ. ಆದ್ರ ಮೋಡ ಇನ್ನ ಸ್ವಲ್ಪ ಕರ್ರಗ ಮಾಡು.”

ಬುದ್ಧಪ್ರಿಯನೊಳಗಿನ ಕಲಾವಿದನೂ ಚಿಂತಕನೂ ಒಟ್ಟಿಗೆ ಎದ್ದು ನಿಂತರು. “ಅತ್ತೀ, ಅವತ್ತು ಅಷ್ಟ ಇತ್ರಿ. ಇದ್ದಿದ್ದು ಇದ್ದಂಗ ತೋರ್ಸೀನಿ. ಅದಕ್ಕಿಂತ ಕರಿ ಇದ್ದಿದ್ದಿಲ್ರಿ.”

“ನಿನಗೇನ್ ಗೊತ್ತು?” ಎಂದಳು ಮೌನಮ್ಮ. “ನೀ ಡಬ್ಬ್ಯಾಗ ಮುಖ ಇಟ್ಕೊಂಡು ನಿಂತಿದ್ದಿ. ಮ್ಯಾಲ ನೋಡಿದವರು ನಾವು.”

ಹಿಂದಿನಿಂದ ಪರಿಮಳಾ ನಗುವುದು ಫೋನಿನಲ್ಲಿ ಕೇಳಿಸಿತು. ಗಟ್ಟಿಯಾಗಿಯೇ ನಗುತ್ತಿದ್ದಳು, ಸ್ವಂತ ಮನೆಯಲ್ಲಿ ನಗುವವರ ಹಾಗೆ. ಬುದ್ಧಪ್ರಿಯ ಸ್ಟೂಲು ಎಳೆದು ಕೂತು, ಮೋಡವನ್ನು ಒಂದು ಎಳೆ ಕಪ್ಪು ಮಾಡಿದ.